ಮೀನು ತೊಟ್ಟಿಗೆ ತೂತು: ಹೆದರಿಕೆಯೂ ಬೇಡ, ಅವಸರವೂ ಬೇಡ

ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಂಡ ರೈತರ ಮನೆಗೆ ಹೋದಾಗ ನಾನು ಮೊದಲು ನೋಡುವುದು ಬಕೆಟ್ಟುಗಳ ಸಾಲನ್ನು. ಹಿತ್ತಿಲಲ್ಲಿ ತಗಡಿನ ಮಾಡಿನ ಕೆಳಗೆ ಹದಿನೈದು ಇಪ್ಪತ್ತು ಗಾಜಿನ ತೊಟ್ಟಿಗಳು ಇರುತ್ತವೆ. ಗಪ್ಪಿ, ಮೊಲ್ಲಿ, ಪ್ಲಾಟಿ, ಗೋಲ್ಡ್‌ಫಿಶ್ ಮರಿಗಳು ಚೆನ್ನಾಗಿಯೇ ಓಡಾಡಿಕೊಂಡಿರುತ್ತವೆ. ಅವುಗಳ ಮುಂದೆ ಮನೆಯ ಹೆಣ್ಣುಮಗಳೊಬ್ಬರು ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಸೈಫನ್ ಕೊಳವೆಯನ್ನೂ ಇನ್ನೊಂದರಲ್ಲಿ ಬಕೆಟ್ಟಿನ ಕಂಠವನ್ನೂ ಹಿಡಿದು, ತೊಟ್ಟಿಯಿಂದ ತೊಟ್ಟಿಗೆ ಸರಿಯುತ್ತಿರುತ್ತಾರೆ. ಬಕೆಟ್ ತುಂಬಿದೊಡನೆ ಎದ್ದು ಹೊರಗೆ ಚೆಲ್ಲಿ ಬರಬೇಕು. ಎಲ್ಲ ಮುಗಿದ ಮೇಲೆ ಅಷ್ಟೇ ನೀರನ್ನು ತಂದು ಒಳಗೆ ಸುರಿಯಬೇಕು.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಗೆ 25 ಸೆಂ.ಮೀ. ಆಳ ನೀರು ಕಟ್ಟಿದರೆ 45 ಲೀಟರು ಹಿಡಿಯುತ್ತದೆ. ಅದರಲ್ಲಿ ಕಾಲು ಭಾಗ ಬದಲಿಸುವುದೆಂದರೆ ಸುಮಾರು 11 ಲೀಟರು. ಇಪ್ಪತ್ತು ತೊಟ್ಟಿಗೆ 225 ಲೀಟರು, ಅಂದರೆ 15 ಲೀಟರಿನ ಬಕೆಟ್ಟಿನಲ್ಲಿ 15 ಬಕೆಟ್ಟು ಹೊರಕ್ಕೆ, 15 ಬಕೆಟ್ಟು ಒಳಕ್ಕೆ. ವಾರಕ್ಕೆ ಎರಡು ಬಾರಿಯಂತೆ ನಾಲ್ಕು ವಾರಕ್ಕೆ 1800 ಕಿಲೋ ನೀರನ್ನು ಹೊರಗೆ ಹೊತ್ತು, ಇನ್ನೊಂದು 1800 ಕಿಲೋ ನೀರನ್ನು ಒಳಗೆ ಹೊರಬೇಕಾಯಿತು. ಹೊರುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲು ಕರೆದು, ಅಡುಗೆ ಮುಗಿಸಿ, ಕಳೆ ತೆಗೆಯಲು ಹೋಗಿ ಬಂದವರೇ ಇದನ್ನೂ ಮಾಡುತ್ತಾರೆ. ಹೊತ್ತು ಹೊತ್ತು ಸಾಕಾಗಿ ಒಂದು ವಾರ ತಪ್ಪಿಸುತ್ತಾರೆ, ಮುಂದಿನ ವಾರ ಅರ್ಧದಷ್ಟು ಮಾಡುತ್ತಾರೆ. ಮೀನು ತನ್ನ ಕಿವಿರಿನ ಮೂಲಕ ಹೊರಹಾಕುವ ಅಮೋನಿಯ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯ, ಎರಡೂ ನೀರಿನಲ್ಲಿ ಏರುತ್ತವೆ. ಬೇಸಿಗೆಯಲ್ಲಿ, ಅದರಲ್ಲೂ ಕ್ಷಾರ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ, ಇದರ ವಿಷ ಇನ್ನೂ ತೀವ್ರ. ಒಂದು ದಿನ ಬೆಳಿಗ್ಗೆ ನೋಡಿದರೆ ಮರಿಗಳು ಮೇಲೆ ತೇಲುತ್ತಿರುತ್ತವೆ. ಆಗ ನಾವು ಔಷಧಿ ಕೇಳುತ್ತೇವೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಸಾಕಣೆಗೆಂದು ಕೊಳ್ಳುವ ಗಾಜಿನ ತೊಟ್ಟಿಯನ್ನು ನೀರು ಹೊರಹೋಗಲು ತೂತಿಲ್ಲದೆ ಕೊಳ್ಳಬಾರದು. ಆ ತೂತು ಗಾಜಿನ ಹಾಳೆಯನ್ನು ತೊಟ್ಟಿಯಾಗಿ ಅಂಟಿಸುವ ಮೊದಲೇ ಆಗಿರಬೇಕು, ತಳದಲ್ಲಿ ಇರಕೂಡದು, ಮೇಲ್ಭಾಗದಲ್ಲಿ ಇರಬೇಕು. ಇಷ್ಟೇ ನನ್ನ ವಾದ. ಮನೆಯ ಮುಂಗೋಣೆಯಲ್ಲಿ ಚಂದಕ್ಕೆ ಇಡುವ ಒಂದು ತೊಟ್ಟಿಯ ಮಾತು ಬೇರೆ, ಅದಕ್ಕೆ ಬಕೆಟ್ಟೇ ಸಾಕು.

ಕೃಷಿಕರ ಪತ್ರಿಕೆಯಲ್ಲಿ ಗಾಜು ಕೊರೆಯುವ ಮಾತೇಕೆ ಎಂದು ಕೆಲವರು ಕೇಳಬಹುದು. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿಯೇ. ಮೀನು ಅಂದಿನಿಂದಲೂ ನಮ್ಮ ಬೆಳೆಯೇ. ಇನ್ನು 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿ, ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೂ ಶೇಕಡಾ 60 ಸಹಾಯಧನ ಇಡಲಾಯಿತು. ಮಹಿಳೆಯರ ಹೆಸರಿನಲ್ಲಿ ಅರ್ಜಿ ಹಾಕುವುದಕ್ಕೆ ಇದೊಂದು ಕಾರಣವಾಯಿತು. ಒಳ್ಳೆಯದೇ. ಆದರೆ ನನ್ನ ಕೈಗೆ ಬಂದ ಅಂದಾಜು ಪಟ್ಟಿಗಳಲ್ಲಿ ತೊಟ್ಟಿ, ಸ್ಟ್ಯಾಂಡು, ಗಾಳಿ ಊದುವ ಯಂತ್ರ, ಬಲೆ, ಆಹಾರ ಎಲ್ಲವೂ ಇದ್ದು, ನೀರು ಹೊರಹೋಗುವ ದಾರಿಗೆಂದು ಒಂದು ಸಾಲೂ ಇರುವುದು ಅಪರೂಪ. ಗದ್ದೆ ಮಾಡುವವರು ಬಸಿಗಾಲುವೆ ಇಲ್ಲದೆ ಗದ್ದೆ ಮಾಡುತ್ತಾರೆಯೇ?

ತೂತು ಕೊರೆಸಲು ನಮ್ಮವರು ಹೆದರುವುದು ಸಹಜ. ಗಾಜು ಎಂದರೆ ಒಡೆಯುವ ವಸ್ತು. ತೂತಾದ ಗಾಜು ಬಲ ಕಳೆದುಕೊಂಡಿತು, ಎಂದಾದರೊಂದು ರಾತ್ರಿ ಸೀಳಿ ನೀರೆಲ್ಲ ಹರಿದುಹೋಗುತ್ತದೆ ಎಂಬುದು ಹೆದರಿಕೆ. ಇದರಲ್ಲಿ ನಿಜವಿಲ್ಲವೆಂದು ನಾನು ಹೇಳುವುದಿಲ್ಲ. ಎಳೆತಕ್ಕೆ ಸಿಕ್ಕ ತಟ್ಟೆಯೊಂದರಲ್ಲಿ ದುಂಡಾದ ರಂಧ್ರವಿದ್ದರೆ ಆ ರಂಧ್ರದ ಅಂಚಿನಲ್ಲಿ ಎಳೆತವು ಮೂರುಪಟ್ಟಿನವರೆಗೆ ಏರುತ್ತದೆ ಎಂದು ಜರ್ಮನಿಯ ಕಿರ್ಶ್ ಎಂಬ ಎಂಜಿನಿಯರು 1898ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾನೆ. ಕಬ್ಬಿಣವಾದರೆ ಅಲ್ಲಿ ಸ್ವಲ್ಪ ಹಿಗ್ಗಿ ಸುಧಾರಿಸಿಕೊಳ್ಳುತ್ತದೆ, ಗಾಜಿಗೆ ಹಿಗ್ಗುವ ಗುಣವಿಲ್ಲ. ಇಂಗ್ಲೆಂಡಿನ ಗ್ರಿಫಿತ್ ಎಂಬಾತ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಾಜಿನ ಮೇಲೆಯೇ ಪ್ರಯೋಗ ಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೇ ಅದರ ಬಲವನ್ನು ಕುಗ್ಗಿಸುತ್ತವೆ ಎಂಬುದನ್ನು ವಿವರಿಸಿದ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರೈತನಿಗೆ ಬೇಕಾದ ಉತ್ತರ ಸಿಗುತ್ತದೆ. ದುಂಡಗೆ, ನಯವಾಗಿ ಆದ ರಂಧ್ರದಿಂದ ಅಪಾಯ ಕಡಿಮೆ. ಅಂಚು ಚಕ್ಕೆಯೆದ್ದು ಅಲ್ಲಿಂದ ಕೂದಲೆಳೆಯಂಥ ಬಿರುಕು ಹೊರಟಿದ್ದರೆ ಮಾತ್ರ ಆ ಗಾಜನ್ನು ನಂಬಬಾರದು. ಮೊಳೆಯಿಂದ ಕುಟ್ಟಿ ಮಾಡಿದ ತೂತನ್ನೂ, ಮೂಲೆಗಳುಳ್ಳ ಚೌಕ ತೂತನ್ನೂ ಮಾಡಲೇಬಾರದೆನ್ನುವುದು ಇದಕ್ಕಾಗಿಯೇ.

ಹೆದರಲೇಬೇಕಾದ ಗಾಜು ಬೇರೊಂದಿದೆ. ಅದೇ ಟಫನ್ ಗಾಜು. ಸಾಮಾನ್ಯ ಗಾಜನ್ನು ಬೇಕಾದ ಅಳತೆಗೆ ಕತ್ತರಿಸಿ, ಚೆನ್ನಾಗಿ ಕಾಯಿಸಿ, ಗಾಳಿ ಬೀಸಿ ಥಟ್ಟನೆ ತಣಿಸುತ್ತಾರೆ. ಮೇಲ್ಮೈ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಒಳಗೆ ಎಳೆತ ಉಳಿಯುತ್ತದೆ. ಹೊರಗಿನಿಂದ ಬಹಳ ಗಟ್ಟಿ. ಆದರೆ ಮೇಲಿನ ಒತ್ತಿದ ಪದರವನ್ನು ದಾಟಿ ಯಾವುದಾದರೂ ಒಳಗಿನ ಎಳೆತವನ್ನು ಮುಟ್ಟಿತೆಂದರೆ ಇಡೀ ಹಾಳೆ ಒಮ್ಮೆಲೇ ಚೂರಾಗುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಸಿದ್ಧವಾಗಿ ಸಿಕ್ಕಿದ ದೊಡ್ಡ ತೊಟ್ಟಿಯೊಂದನ್ನು ತಂದು, ತಳಕ್ಕೆ ತೂತು ಮಾಡುವೆನೆಂದು ಬೋರಲು ಹಾಕಿ ಕಟರ್ ಇಟ್ಟೆ. ನೋಡಲು ನೆರೆಹೊರೆಯವರು ನಾಲ್ಕು ಮಂದಿ ಸೇರಿದ್ದರು. ಎರಡು ನಿಮಿಷ ಆಗಿರಬೇಕು, ಪಟಾಕಿ ಸಿಡಿದಂತಾಯಿತು. ನೋಡಿದರೆ ತಳವೆಂಬುದೇ ಇಲ್ಲ, ಜೋಳದ ಕಾಳಿನಷ್ಟು ಚೂರುಗಳ ರಾಶಿ. ಯಾರಿಗೂ ಗಾಯವಾಗಲಿಲ್ಲ ಎಂಬುದೊಂದೇ ಸಮಾಧಾನ. ನನ್ನ ಪಾಡಿಗೆ ಸಮಾಧಾನ ಹೇಳುವ ಬದಲು ನೆರೆಯ ಹಿರಿಯರೊಬ್ಬರು, "ಸ್ವಾಮಿ, ಎಷ್ಟು ಕೊಟ್ಟಿರಿ ಇದಕ್ಕೆ?" ಎಂದು ಕೇಳಿದರು.

ಟಫನ್ ಗಾಜನ್ನು ಗುರುತಿಸುವುದು ಕಷ್ಟವಲ್ಲ. ಕೆಲವು ಹಾಳೆಗಳ ಮೂಲೆಯಲ್ಲಿ ಮಾಸದ ಮುದ್ರೆ ಇರುತ್ತದೆ, ಆದರೆ ಮುದ್ರೆ ಇಲ್ಲದ ಮಾತ್ರಕ್ಕೆ ಸಾಮಾನ್ಯ ಗಾಜೆಂದು ತಿಳಿಯಬೇಡಿ. ಇನ್ನೊಂದು ಪರೀಕ್ಷೆ ಇದೆ. ಬಿಸಿಲಿಗೆ ಹಾಕುವ ಪೋಲರಾಯ್ಡ್ ಕನ್ನಡಕವನ್ನು ಯಾರಲ್ಲಾದರೂ ಕೇಳಿ ತೆಗೆದುಕೊಳ್ಳಿ. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಕನ್ನಡಕದ ಗಾಜನ್ನು ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ನಡುವೆ ತೊಟ್ಟಿಯ ಗಾಜು ಬರುವಂತೆ ಇಟ್ಟು ನೋಡಿ. ಸಾಮಾನ್ಯ ಗಾಜಾದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಟಫನ್ ಗಾಜಾದರೆ ಬೆಳಕಿನ ಪಟ್ಟೆಗಳು, ಕಲೆಗಳು, ಮೂಲೆಗಳ ಬಳಿ ನೆರಳುಗಳು ಮೂಡುತ್ತವೆ. ಅವು ಕಂಡರೆ ಡ್ರಿಲ್ಲನ್ನು ಒಳಗಿಡಿ. ದೊಡ್ಡ ಸಿದ್ಧ ತೊಟ್ಟಿಗಳಲ್ಲಿ ಒಮ್ಮೊಮ್ಮೆ ಗೋಡೆಗಳು ಸಾಮಾನ್ಯ ಗಾಜಿನವಾಗಿದ್ದು ತಳ ಮಾತ್ರ ಟಫನ್ ಇರುತ್ತದೆ. ಆದ್ದರಿಂದ ಕೊರೆಯಬೇಕೆಂದಿರುವ ಹಾಳೆಯನ್ನೇ ಪರೀಕ್ಷಿಸಬೇಕು. ಟಫನ್ ಗಾಜಿಗೆ ರಂಧ್ರವೇ ಬೇಕಿದ್ದರೆ ಗಟ್ಟಿಗೊಳಿಸುವ ಮೊದಲೇ ಕಾರ್ಖಾನೆಯಲ್ಲಿ ಮಾಡಿಸಬೇಕು, ನಂತರ ಯಾರಿಂದಲೂ ಆಗದು.

ತಳಕ್ಕೆ ಏಕೆ ಬೇಡವೆನ್ನುತ್ತೇನೆಂದರೆ, ನೀರಿನ ಒತ್ತಡ ಅತಿ ಹೆಚ್ಚಿರುವುದು ಅಲ್ಲಿ. ತೊಟ್ಟಿಯ ಭಾರವೆಲ್ಲ ಕೂರುವುದೂ ಅಲ್ಲಿಯೇ. ತಳದಡಿಯ ಥರ್ಮಾಕೋಲಿಗೂ ಸ್ಟ್ಯಾಂಡಿಗೂ ಕಿಂಡಿ ಮಾಡಬೇಕಾಗುತ್ತದೆ. ಇವೆಲ್ಲವನ್ನೂ ಹೇಗೋ ನಿಭಾಯಿಸಿದರೂ, ಒಂದು ದಿನ ವಾಷರು ಒಣಗಿ ಜಿನುಗತೊಡಗಿತೆಂದರೆ ತೊಟ್ಟಿ ಪೂರ್ತಿ ಬರಿದಾಗುತ್ತದೆ. ಮೇಲ್ಭಾಗದ ರಂಧ್ರದಲ್ಲಿ ನೀರಿನ ಮಟ್ಟವೇ ರಂಧ್ರದ ಮಟ್ಟ. ಆದ್ದರಿಂದ ವಾಷರಿನ ಮೇಲೆ ಬೀಳುವ ಒತ್ತಡ ಲೆಕ್ಕಕ್ಕೇ ಇಲ್ಲ. ಸೋರಿದರೂ ಒಂದೆರಡು ಬೆರಳು ನೀರು ಇಳಿದು ನಿಲ್ಲುತ್ತದೆ. ಮೀನು ಉಳಿಯುತ್ತದೆ, ನಿಮಗೆ ಬೆಳಿಗ್ಗೆ ನೋಡಿಕೊಳ್ಳಲು ಸಮಯವಿರುತ್ತದೆ.

ಮೇಲ್ಭಾಗವೆಂದೊಡನೆ ಹಿಂಗೋಡೆಯ ನಟ್ಟನಡುವೆ, ಮೇಲಂಚಿಗೆ ತಾಗಿಸಿ ಕೊರೆಸಬೇಡಿ. ಅಡ್ಡಪಟ್ಟಿ ಇಲ್ಲದ ತೊಟ್ಟಿಯಲ್ಲಿ ನೀರು ತುಂಬಿದಾಗ ಹೆಚ್ಚು ಬಾಗುವುದು ಉದ್ದದ ಗಾಜಿನ ಮೇಲಂಚಿನ ನಡುಭಾಗವೇ. ಚಿಕ್ಕ ಗೋಡೆಯ ಗಾಜು ಕಡಿಮೆ ಬಾಗುತ್ತದೆ, ಅಲ್ಲಿ ಕೊರೆಸುವುದು ಉತ್ತಮ. ತೊಟ್ಟಿಗಳನ್ನು ಪಕ್ಕಪಕ್ಕಕ್ಕೆ ಒತ್ತಾಗಿ ಜೋಡಿಸಿದ್ದು ಅಲ್ಲಿ ಕೈಯಾಡದಿದ್ದರೆ ಹಿಂಗೋಡೆಯ ಮೂಲೆಯ ಕಡೆಗೆ ಸರಿಸಿ. ಯಾವ ಅಂಚಿನಿಂದಲೂ ರಂಧ್ರದ ಅಂಚಿಗೆ ಕನಿಷ್ಠ ರಂಧ್ರದ ವ್ಯಾಸದಷ್ಟು ಗಾಜು ಉಳಿದಿರಬೇಕು. ಮೂರು ಸೆಂ.ಮೀ. ರಂಧ್ರವಾದರೆ ಮೂರು ಸೆಂ.ಮೀ. ಗಾಜು. ಮೇಲೆ ಹೇಳಿದ ಅಳತೆಯ ತೊಟ್ಟಿಗೆ ಮೇಲಂಚಿನಿಂದ ರಂಧ್ರದ ನಡುವಿಗೆ 5ರಿಂದ 6 ಸೆಂ.ಮೀ. ಇಟ್ಟರೆ ನೀರು 25 ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಜು 5 ಮಿ.ಮೀ. ದಪ್ಪವಿರಲಿ. ನಾಲ್ಕು ಮಿ.ಮೀ. ಗಾಜಿಗೆ ಕೊರೆಯುವವರಿದ್ದಾರೆ, ನಾನಂತೂ ಕೊರೆಯುವುದಿಲ್ಲ.

ಈಗ ಕೊರೆಯುವ ಬಗೆ. ಗಾಜನ್ನು ಯಾವ ಉಪಕರಣವೂ ಮರದಂತೆ ಕತ್ತರಿಸುವುದಿಲ್ಲ, ಸವೆಸುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅರ್ಧ ತಪ್ಪುಗಳು ತಪ್ಪುತ್ತವೆ. ಗುಜರಾತಿನ ಖಂಭಾತಿನಲ್ಲಿ ಅಗೇಟ್ ಕಲ್ಲಿನ ಮಣಿಗಳನ್ನು ಕೊರೆಯುವ ಕುಶಲಕರ್ಮಿಗಳು ಕಡ್ಡಿಯ ತುದಿಗೆ ಎರಡು ವಜ್ರದ ಚೂರುಗಳನ್ನು ಕೂರಿಸಿ, ಬಿಲ್ಲಿನ ಹುರಿಯಿಂದ ಅದನ್ನು ತಿರುಗಿಸಿ, ತೊಟ್ಟು ತೊಟ್ಟಾಗಿ ನೀರು ಬಿಡುತ್ತ ತಲೆಮಾರುಗಳಿಂದ ಕೆಲಸ ಮಾಡಿದ್ದಾರೆ. ಗಾಜಿಗಿಂತ ಗಡುಸಾದ ಕಲ್ಲು ಅದು. ವಜ್ರ, ನೀರು, ತಾಳ್ಮೆ ಈ ಮೂರರಿಂದಲೇ ಅದು ಸಾಧ್ಯವಾಯಿತು. ಇಂದು ಗಾಜಿನ ಅಂಗಡಿಯಲ್ಲಿ ಬಳಸುವ ಕಟರೂ ಇದೇ ತತ್ತ್ವದ್ದು. ಬಳೆಯಂತೆ ದುಂಡಗಿನ ಟೊಳ್ಳು ಕೊಳವೆ, ಅದರ ಬಾಯಿಗೆ ವಜ್ರದ ಪುಡಿ. ಗೋಡೆಗೆ ಮೊಳೆ ಹೊಡೆಯಲು ಬಳಸುವ ಬಿಟ್ಟನ್ನು ಗಾಜಿಗೆ ಇಡಬೇಡಿ. ಡ್ರಿಲ್ಲಿನಲ್ಲಿ ಸುತ್ತಿಗೆಯಂತೆ ಬಡಿಯುವ ಗುಂಡಿಯಿದ್ದರೆ ಅದು ಬಂದಾಗಿದೆಯೇ ಎಂದು ಎರಡು ಸಲ ನೋಡಿ.

ನನ್ನ ಸಲಹೆಯೇನೆಂದರೆ, ಹೊಸ ತೊಟ್ಟಿ ಮಾಡಿಸುವವರು ಈ ಕೆಲಸವನ್ನು ಗಾಜಿನ ಅಂಗಡಿಗೇ ಬಿಡಿ. ಟೀಪಾಯಿಗೆ, ಬಾಗಿಲಿಗೆ ತೂತು ಮಾಡಿ ಅವರ ಕೈ ಪಳಗಿರುತ್ತದೆ. ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ, ಅರ್ಧ ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ಕೊರೆದರೆ ಅಂಚು ಚಕ್ಕೆಯೇಳುವುದಿಲ್ಲ. "ಒಡೆದರೆ ನಾವು ಜವಾಬ್ದಾರರಲ್ಲ" ಎಂದು ಅಂಗಡಿಯವರು ಹೇಳುವುದುಂಟು. ಹೇಳಲಿ. ಬಿಡಿ ಹಾಳೆ ಒಡೆದರೆ ಹೋಗುವುದು ಒಂದು ಸಣ್ಣ ಗಾಜು. ಅಂಟಿಸಿ ಸಿದ್ಧವಾದ ತೊಟ್ಟಿಯನ್ನು ಕೊರೆಯುವಾಗ ಒಡೆದರೆ ಐದೂ ಗಾಜು, ಅಂಟಿಸಿದ ಶ್ರಮ ಎಲ್ಲವೂ ಹೋದಂತೆ. ಅಂಟಿಸುವ ಮೊದಲೇ ಕೊರೆಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಈಗಾಗಲೇ ತೊಟ್ಟಿ ಕೊಂಡವರು ಏನು ಮಾಡಬೇಕು? ಗಾಜು ಸಾಮಾನ್ಯದ್ದೆಂದು ಖಚಿತವಾಗಿದ್ದರೆ, ಗೀರು ಬಿದ್ದಿರದಿದ್ದರೆ, ಮನೆಯಲ್ಲಿಯೇ ಮಾಡಬಹುದು. ಮೊದಲು ಚೂರುಪಾರು ಗಾಜಿನ ಮೇಲೆ ಎರಡು ಮೂರು ತೂತು ಕೊರೆದು ಕೈ ಪಳಗಿಸಿಕೊಳ್ಳಿ. ನಂತರ ತೊಟ್ಟಿಯನ್ನು ಖಾಲಿ ಮಾಡಿ, ಕೊರೆಯುವ ಗೋಡೆ ಮೇಲ್ಮುಖವಾಗಿ ಮಟ್ಟಸವಾಗುವಂತೆ ಥರ್ಮಾಕೋಲಿನ ಮೇಲೆ ಮಲಗಿಸಿ. ಒಳಬದಿಗೆ ಗಟ್ಟಿ ಟೇಪು ಅಂಟಿಸಿ. ಗುರುತು ಮಾಡಿದ ಜಾಗದ ಸುತ್ತ ನಾದಿದ ಜೇಡಿಮಣ್ಣಿನಿಂದ ಬದು ಕಟ್ಟಿ ನೀರು ನಿಲ್ಲಿಸಿ. ಬದು ಕಟ್ಟುವುದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ. ಬಳೆಯಾಕಾರದ ಕಟರಿಗೆ ನಡುವೆ ಮೊಳೆ ಇರದ ಕಾರಣ ಆರಂಭದಲ್ಲಿ ಜಾರಿ ಓಡುತ್ತದೆ. ಅದೇ ಅಳತೆಯ ತೂತುಳ್ಳ ಪ್ಲೈವುಡ್ ತುಂಡನ್ನು ಗಾಜಿಗೆ ಒತ್ತಿ ಹಿಡಿದು ಅದರೊಳಗೆ ಕಟರ್ ಇಟ್ಟರೆ ಓಡುವುದಿಲ್ಲ. ವೇಗ ನಿಧಾನವಿರಲಿ, ಡ್ರಿಲ್ಲಿನ ಸ್ವಂತ ಭಾರ ಸಾಕು, ಮೇಲಿಂದ ಒತ್ತಬೇಡಿ. ಆಗಾಗ ಎತ್ತಿ ನೀರು ಒಳಗೆ ಇಳಿಯಲು ಬಿಡಿ. ಬಿಳಿ ಹಿಟ್ಟಿನಂತೆ ನೀರು ಕದಡಿದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಒಣ ಪುಡಿ ಹಾರಿದರೆ ನೀರು ಸಾಲದು, ಕೂಡಲೇ ನಿಲ್ಲಿಸಿ. ಕೊನೆಯ ಒಂದು ಮಿಲಿಮೀಟರಿನಲ್ಲಿ ಕೈ ಇನ್ನಷ್ಟು ಹಗುರವಾಗಬೇಕು. ಒಡೆಯುವ ಗಾಜುಗಳಲ್ಲಿ ಬಹುಪಾಲು, "ಇನ್ನೇನು ಆಯಿತು" ಎಂದು ಒತ್ತಿದ ಆ ಕ್ಷಣದಲ್ಲೇ ಒಡೆಯುತ್ತವೆ.

ಇಲ್ಲಿ ಗಾಜಿಗಿಂತ ದೊಡ್ಡ ಅಪಾಯ ವಿದ್ಯುತ್ತಿನದು. ನೀರು ನಿಲ್ಲಿಸಿದ ಜಾಗದಲ್ಲಿ, ಒದ್ದೆ ಕೈಯಲ್ಲಿ, ಅರ್ಥ್ ಇಲ್ಲದ ಪ್ಲಗ್ಗಿನಿಂದ ಎಳೆದ ವೈರಿನಲ್ಲಿ ಡ್ರಿಲ್ ನಡೆಸುವುದನ್ನು ನಾನು ನೋಡಿದ್ದೇನೆ. ಬೇಡ. ಬ್ಯಾಟರಿಯ ಡ್ರಿಲ್ಲನ್ನು ಬಾಡಿಗೆಗೋ ಎರವಲಾಗಿಯೋ ತನ್ನಿ, ಸಿಗದಿದ್ದರೆ ಅಂಗಡಿಯವರನ್ನೇ ಕರೆಸಿ. ಕಣ್ಣಿಗೆ ಕನ್ನಡಕ, ಕಾಲಿಗೆ ಚಪ್ಪಲಿಯ ಬದಲು ಬೂಟು, ಮಕ್ಕಳು ದೂರ.

ತೂತಾಯಿತು, ಮುಂದೆ ಫಿಟಿಂಗು. ಸಿಂಟೆಕ್ಸ್ ಮಾದರಿಯ ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ ಹಾಕುವ ಟ್ಯಾಂಕ್ ಕನೆಕ್ಟರೇ ಇಲ್ಲಿಗೂ ಆಗುತ್ತದೆ. ಒಂದು ಮಾತನ್ನು ಮರೆಯಬೇಡಿ: ಮೊದಲು ಫಿಟಿಂಗು ಕೊಳ್ಳಿ, ಆಮೇಲೆ ತೂತಿನ ಅಳತೆ ನಿಶ್ಚಯಿಸಿ. ಮುಕ್ಕಾಲು ಇಂಚಿನ ಫಿಟಿಂಗು ಎಂದರೆ ಅದರೊಳಗೆ ಹೋಗುವ ಕೊಳವೆಯ ಅಳತೆ, ಥ್ರೆಡ್ಡಿನ ಹೊರ ಅಳತೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆಯೂ ಆಗುತ್ತದೆ. ಥ್ರೆಡ್ಡನ್ನು ಅಳೆದು, ಒಂದೆರಡು ಮಿ.ಮೀ. ಹೆಚ್ಚಿಗೆ ಇಟ್ಟು ಕೊರೆಸಿ. ಬಿಗಿಯಾಗಿ ತುರುಕಿದ ಫಿಟಿಂಗು ಗಾಜನ್ನು ಒಳಗಿನಿಂದ ಒತ್ತಿ ಸೀಳುತ್ತದೆ. ರಬ್ಬರ್ ವಾಷರು ಫಿಟಿಂಗಿನ ಅಗಲ ಕಂಠಕ್ಕೂ ಗಾಜಿಗೂ ನಡುವೆ, ನೀರಿನ ಬದಿಗೆ ಇರಲಿ. ನಟ್ಟನ್ನು ಕೈಯಿಂದ ಬಿಗಿಮಾಡಿ, ಮೇಲೆ ಕಾಲು ಸುತ್ತು, ಅಷ್ಟೇ. ಪೈಪು ರಿಪೇರಿಯವರ ಬಲಗೈ ಇಲ್ಲಿಗೆ ಬೇಡ. ಸಿಲಿಕೋನ್ ಬಳಿಯುವುದಾದರೆ ಬೂಷ್ಟು ತಡೆಯುವ ಔಷಧಿ ಬೆರೆಸದ, ಮೀನು ತೊಟ್ಟಿಗೆಂದೇ ಮಾಡಿದ ಸಿಲಿಕೋನ್ ತನ್ನಿ. ಬಚ್ಚಲುಮನೆಗೆ ಬಳಸುವುದರಲ್ಲಿ ಆ ಔಷಧಿ ಇದ್ದು ಅದು ಮೀನಿಗೆ ವಿಷವಾಗಬಹುದು.

ಸೈಫನ್ ಪಕ್ಷದವರು ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ. ಸೈಫನ್ ತಳದ ಕಸವನ್ನು ಎಳೆಯುತ್ತದೆ, ಮೇಲಿನ ತೂತು ತಿಳಿನೀರನ್ನಷ್ಟೇ ಹೊರಹಾಕುತ್ತದೆ, ಇದರಿಂದ ಏನು ಬಂತು ಎಂಬುದು ಅವರ ಪ್ರಶ್ನೆ. ಇದಕ್ಕೆ ಉಪಾಯವಿದೆ. ಫಿಟಿಂಗಿಗೆ ಒಳಬದಿಯಲ್ಲಿ ಎಲ್ಬೋ ಹಾಕಿ, ಅದರಿಂದ ತಳಕ್ಕಿಂತ ಎರಡು ಬೆರಳು ಮೇಲಿನವರೆಗೆ ಕೊಳವೆ ಇಳಿಬಿಡಿ. ಮೇಲಿಂದ ಹೊಸ ನೀರು ಬಂದಷ್ಟೂ ತಳದ ಕೊಳೆ ನೀರು ಈ ಕೊಳವೆಯಲ್ಲಿ ಏರಿ ಹೊರಗೆ ಹೋಗುತ್ತದೆ. ಆದರೆ ಇಷ್ಟನ್ನೇ ಮಾಡಿ ನಿಲ್ಲಿಸಿದರೆ ಕೆಟ್ಟಿರಿ. ಒಳಗೊಂದು ಕೊಳವೆ ಇಳಿದು, ಹೊರಗೊಂದು ಕೊಳವೆ ಇಳಿದಾಗ ಅದೇ ಒಂದು ಸೈಫನ್ ಆಯಿತು. ಕೊಳವೆ ಪೂರ್ತಿ ತುಂಬಿ ಹರಿಯತೊಡಗಿತೆಂದರೆ ತೊಟ್ಟಿಯ ನೀರನ್ನು ತಳದವರೆಗೂ ಎಳೆದು ಚೆಲ್ಲುತ್ತದೆ. ಆದ್ದರಿಂದ ಹೊರಬದಿಯಲ್ಲಿ ಫಿಟಿಂಗಿಗೆ ಎಲ್ಬೋ ಹಾಕದೆ ಟೀ ಹಾಕಿ, ಅದರ ಮೇಲ್ಬಾಯಿಯನ್ನು ತೆರೆದಿಡಬೇಕು. ಅಲ್ಲಿಂದ ಗಾಳಿ ಒಳಸೇರಿ ಎಳೆತ ಮುರಿಯುತ್ತದೆ. ಆ ಬಾಯಿಯನ್ನು ಯಾರೋ ಜಾಣರು, "ಇಲ್ಲಿ ಬಿರಡೆ ಹಾಕುವುದು ಮರೆತಿದ್ದಾರೆ" ಎಂದು ಮುಚ್ಚಿಯಾರು, ಎಚ್ಚರ. ಒಳಗಿನ ಕೊಳವೆಯ ಬಾಯಿಗೆ ಮರಿಗಳು ನುಗ್ಗದಂತೆ ನೈಲಾನ್ ಜಾಲರಿ ಕಟ್ಟಿ. ಎಲ್ಬೋವನ್ನು ಅಂಟಿಸಬೇಡಿ, ಬಿಚ್ಚಿ ತೊಳೆಯಲು ಬರುವಂತಿರಲಿ. ಪಾಚಿಯೂ ಬಸವನಹುಳುವೂ ಸೇರಿ ಜಾಲರಿಯನ್ನು ಮುಚ್ಚಿದರೆ ನೀರು ಮೇಲಿನಿಂದ ಉಕ್ಕುತ್ತದೆ. ವಾರಕ್ಕೊಮ್ಮೆ ತೊಳೆಯಲೇಬೇಕು. ಆದುದರಿಂದ ತೂತು ಮಾಡಿಸಿದ ಮೇಲೆ ಕೆಲಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೊರುವ ಕೆಲಸ ಹೋಗಿ ನೋಡಿಕೊಳ್ಳುವ ಕೆಲಸ ಉಳಿಯುತ್ತದೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಈ ಪದ್ಧತಿಗೆ ನೀರು ಸ್ವಲ್ಪ ಹೆಚ್ಚು ಬೇಕು. ಬಕೆಟ್ಟಿನಲ್ಲಿ ತೆಗೆದಾಗ ಹೋಗುವುದೆಲ್ಲ ಹಳೆಯ ನೀರು. ಹರಿಸಿ ಬದಲಿಸುವಾಗ ಹೊಸ ನೀರಿನಲ್ಲೂ ಸ್ವಲ್ಪ ಬೆರೆತು ಹೊರಗೆ ಹೋಗುತ್ತದೆ. ಲೆಕ್ಕ ಹಾಕಿದರೆ 45 ಲೀಟರಿನ ತೊಟ್ಟಿಯಲ್ಲಿ 11 ಲೀಟರಿನ ಬದಲಾವಣೆಗೆ ಸಮನಾಗಲು ಸುಮಾರು 13 ಲೀಟರು ಹರಿಸಬೇಕು. ಇಪ್ಪತ್ತು ತೊಟ್ಟಿಗೆ 35 ಲೀಟರು ಹೆಚ್ಚು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುವ ಊರಿನವರಿಗೆ ಇದು ಸಣ್ಣ ಮಾತಲ್ಲ. ಆದರೆ ಈ ನೀರು ವ್ಯರ್ಥವಾಗಬೇಕಿಲ್ಲ. ಉದ್ದಕ್ಕೆ ಸೀಳಿದ ಪಿವಿಸಿ ಕೊಳವೆಯನ್ನು ತೊಟ್ಟಿಗಳ ಹಿಂದೆ ಇಳಿಜಾರಾಗಿ ಕಟ್ಟಿದರೆ ಎಲ್ಲ ನೀರೂ ಒಂದೆಡೆ ಸೇರುತ್ತದೆ. ಸಾರಜನಕವುಳ್ಳ ಈ ನೀರು ತರಕಾರಿ ಮಡಿಗೂ, ಅಡಿಕೆ ಸಸಿಗಳಿಗೂ ಒಳ್ಳೆಯದು. ಬಕೆಟ್ಟಿನ ಕಾಲದಲ್ಲಿ ಅದು ಹೋಗುತ್ತಿದ್ದುದು ಬಾಗಿಲ ಮುಂದಿನ ಕೆಸರಿಗೆ. ಒಂದು ತೊಟ್ಟಿಯ ರೋಗ ಇನ್ನೊಂದಕ್ಕೆ ಅಂಟದಿರಲು ಪ್ರತಿ ಕೊಳವೆಯ ಬಾಯಿಯೂ ಈ ದೋಣಿಗಿಂತ ಮೇಲೆಯೇ ನಿಲ್ಲಬೇಕು, ನೀರಿನಲ್ಲಿ ಮುಳುಗಿರಬಾರದು. ಒಳಬರುವ ನೀರಿನ ಕೊಳವೆ ಸಣ್ಣದಿರಲಿ, ಹೊರಹೋಗುವುದು ದಪ್ಪವಿರಲಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ನೇರವಾಗಿ ಬಿಡದೆ, ಮೇಲಿನ ಟ್ಯಾಂಕಿನಲ್ಲಿ ಗಾಳಿಯಾಡಿಸಿ, ಕ್ಲೋರಿನ್ ಹೋದುದನ್ನು ಖಚಿತಪಡಿಸಿಕೊಂಡು ಹರಿಸಿ.

ಎಲ್ಲ ತೊಟ್ಟಿಗೂ ತೂತು ಬೇಕೆಂದಿಲ್ಲ. ಮೊಟ್ಟೆ ಒಡೆಸುವ ಸಣ್ಣ ತೊಟ್ಟಿಗಳಿಗೆ ಬೇಡ, ಜಾಲರಿಯನ್ನೂ ದಾಟುವಷ್ಟು ಸಣ್ಣ ಮರಿಗಳಿರುತ್ತವೆ. ರೋಗದ ಮೀನನ್ನು ಬೇರೆ ಇಡುವ ತೊಟ್ಟಿಗೂ ಬೇಡ. ಹತ್ತು ವರ್ಷ ಹಳೆಯದಾಗಿ ಗೀರು ಬಿದ್ದ ತೊಟ್ಟಿಯನ್ನು ಅದರ ಪಾಡಿಗೆ ಬಿಡಿ.

ಅಂದಾಜು ಪಟ್ಟಿ ಸಿದ್ಧಪಡಿಸುವ ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿಯೂ ಒಂದು ಮಾತು. "ಗಾಜಿನ ತೊಟ್ಟಿ, ಇಪ್ಪತ್ತು" ಎಂದು ಬರೆಯುವಲ್ಲಿ "ನೀರು ಹೊರಹೋಗುವ ರಂಧ್ರ ಮತ್ತು ಫಿಟಿಂಗು ಸಹಿತ" ಎಂದು ಸೇರಿಸಿ. ಇಡೀ ಘಟಕದ ಖರ್ಚಿನಲ್ಲಿ ಅದು ಸಣ್ಣ ಪಾಲು. ಸೇರಿಸದಿದ್ದರೆ ಆ ಖರ್ಚು ಮನೆಯ ಹೆಂಗಸರ ಸೊಂಟದ ಲೆಕ್ಕಕ್ಕೆ ಬೀಳುತ್ತದೆ. ತರಬೇತಿಗಳಲ್ಲಿ ಸೈಫನ್ ಹಿಡಿಯುವುದನ್ನು ಅರ್ಧ ದಿನ ಕಲಿಸುತ್ತೇವೆ, ಒಂದು ಹಾಳೆ ಗಾಜನ್ನು ಅವರ ಕೈಯಿಂದಲೇ ಕೊರೆಸಿ ತೋರಿಸಲು ಅಷ್ಟು ಹೊತ್ತೂ ಬೇಡ. ಅಕ್ಕತಂಗಿಯರೇ, ನೀವೂ ಕೇಳಿ ಪಡೆಯಿರಿ. ತೊಟ್ಟಿ ನಿಮ್ಮ ಹೆಸರಿನಲ್ಲಿದೆ, ನೀರು ಹೊರುವುದೂ ನೀವೇ.

ಸಿದ್ಧವಾದ ತೊಟ್ಟಿಯನ್ನು ಸಿಲಿಕೋನ್ ಪೂರ್ತಿ ಒಣಗಿದ ಮೇಲೆ ಅಂಗಳದಲ್ಲಿ ಮಟ್ಟಸವಾದ ಹಲಗೆಯ ಮೇಲಿಟ್ಟು, ಫಿಟಿಂಗಿನ ಬಾಯಿಗೆ ಬಿರಡೆ ಕೊಟ್ಟು, ಅಂಚಿನವರೆಗೂ ನೀರು ತುಂಬಿ ಒಂದು ಹಗಲು ಒಂದು ರಾತ್ರಿ ಬಿಡಿ. ಬೆಳಿಗ್ಗೆ ನಟ್ಟಿನ ಕೆಳಗೆ ಒಣ ಬೆರಳು ಆಡಿಸಿ ನೋಡಿ. ತೇವ ತಾಗದಿದ್ದರೆ ನೀರು ಇಳಿಸಿ, ಬಿರಡೆ ತೆಗೆದು, ಒಳಗೆ ತನ್ನಿ. ಇನ್ನೂ ತೊಟ್ಟಿ ಮಾಡಿಸದವರು ಗಾಜಿನ ಅಂಗಡಿಗೆ ಹೋಗುವ ದಿನ ಟ್ಯಾಂಕ್ ಕನೆಕ್ಟರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.